ನಿಷ್ಠೆ, ದ್ರೋಹ ಮತ್ತು ಶಾಮೀಲು: ನಿಜಾಮ ಸೀಮೆಯ ಗ್ರಾಮಾಧಿಕಾರಿ

1948ರ ಸೆಪ್ಟೆಂಬರ್ 18ರಂದು ನಿಜಾಮನ ಸೇನೆ ಶರಣಾಯಿತು. ಕಲ್ಯಾಣ ಕರ್ನಾಟಕದ ವಿಮೋಚನಾ ಚರಿತ್ರೆಯಲ್ಲಿ ಎರಡು ಚಿತ್ರಗಳು ಸ್ಪಷ್ಟವಾಗಿವೆ: ಗಡಿಯಾಚೆ ಶಿಬಿರ ಹೂಡಿದ ಹೋರಾಟಗಾರ ಮತ್ತು ಖಾಸಿಂ ರಜ್ವಿಯ ರಜಾಕಾರ. ಇವರಿಬ್ಬರ ನಡುವೆ ಊರಲ್ಲಿಯೇ ಉಳಿದ ಪಟೇಲ-ಪಟವಾರಿಗಳ ಚಿತ್ರ ಮಾತ್ರ ಮಸುಕಾಗಿದೆ.

ಕಿನ್ನಾಳವನ್ನು ಒಳಗೊಂಡ ಕೊಪ್ಪಳ ಸೀಮೆಯೂ ಯಲಬುರ್ಗಾವೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಜನರ ಭಾಷೆ ಕನ್ನಡ, ಆಡಳಿತದ ಭಾಷೆ ಉರ್ದು. ಇವೆರಡರ ನಡುವಿನ ಸೇತುವೆ ಗ್ರಾಮಾಧಿಕಾರಿ. ಕಂದಾಯ ವಸೂಲಿ ಮಾಲಿಪಾಟೀಲನದು, ಊರ ಬಂದೋಬಸ್ತು ಪೊಲೀಸ್ ಪಾಟೀಲನದು. ಈ ಹುದ್ದೆಗಳು ಇಂದಿಗೂ ಇಲ್ಲಿನ ಮನೆತನಗಳ ಅಡ್ಡಹೆಸರುಗಳಾಗಿ ಉಳಿದಿವೆ. ಪಶ್ಚಿಮಕ್ಕೆ ಮುಂಬಯಿ ಪ್ರಾಂತದ ಗಡಿ. ಅಲ್ಲಿನ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ. ಶಿಬಿರಗಳವರ ಗುರಿ ಕರೋಡಗಿರಿ ನಾಕೆಗಳು ಮತ್ತು ಸರ್ಕಾರಿ ದಫ್ತರಗಳು. ಸರ್ಕಾರದ ಬೇಡಿಕೆ ಲೆವಿ ಧಾನ್ಯ ಮತ್ತು ಹೋರಾಟಗಾರರ ಸುಳಿವು. ಎರಡು ಒತ್ತಡಗಳೂ ಬಂದು ನಿಲ್ಲುತ್ತಿದ್ದುದು ಒಬ್ಬನ ಹೊಸ್ತಿಲಿನಲ್ಲಿಯೇ.

ಅವನು ದ್ರೋಹಿಯೇ? ದ್ರೋಹವೆನ್ನಲು ನಿಷ್ಠೆ ಯಾರಿಗೆ ಸಲ್ಲಬೇಕೆಂಬುದು ಮೊದಲು ನಿಶ್ಚಯವಾಗಿರಬೇಕು. 1947ರ ನವೆಂಬರ್ 29ರ ಯಥಾಸ್ಥಿತಿ ಒಪ್ಪಂದಕ್ಕೆ ಭಾರತ ಸರ್ಕಾರವೂ ಸಹಿ ಹಾಕಿತ್ತು. ಹಾಗಿರಲು ನಿಜಾಮನ ಆಜ್ಞೆ ಪಾಲಿಸಿದವನು ಕಾನೂನಿನ ದೃಷ್ಟಿಯಲ್ಲಿ ಸೇವಕನೇ ಹೊರತು ದ್ರೋಹಿಯಲ್ಲ. ಆದರೆ ಕಾನೂನು ನೀಡುವ ಈ ರಕ್ಷಣೆ, ನೆರೆಯವನ ಹೆಸರನ್ನು ಬರೆದುಕೊಟ್ಟ ಕೈಗೆ ನೈತಿಕ ರಕ್ಷಣೆಯಾಗಲಾರದು.

ಮತವೂ ಇಲ್ಲಿ ಅಳತೆಗೋಲಲ್ಲ. ಲಾಯಕ್ ಅಲಿ ಸಂಪುಟದಲ್ಲಿ ಪಿಂಗಳಿ ವೆಂಕಟರಾಮರೆಡ್ಡಿ ಉಪಪ್ರಧಾನಿಯಾಗಿದ್ದರು. ದಲಿತ ನಾಯಕ ಶ್ಯಾಮಸುಂದರ್ 1948ರಲ್ಲಿ ವಿಶ್ವಸಂಸ್ಥೆಗೆ ಹೋದ ಹೈದರಾಬಾದ್ ನಿಯೋಗದಲ್ಲಿದ್ದರು. ಅವರೇ 1968ರಲ್ಲಿ ಗುಲಬರ್ಗಾದಲ್ಲಿ ಭೀಮಸೇನೆಯನ್ನು ಕಟ್ಟಿದರು. ಅತ್ತ ರಜಾಕಾರರನ್ನು ಟೀಕಿಸಿದ ‘ಇಮ್ರೋಜ್’ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ 1948ರ ಆಗಸ್ಟಿನಲ್ಲಿ ಕೊಲೆಯಾದರು.

ಇಂತಹ ನಡುವಿನ ಮನುಷ್ಯನನ್ನು ಫ್ರಾನ್ಸಿನ ಲೂಯಿ ಮಾಲ್ 1974ರ ‘ಲಕೊಂಬ್ ಲೂಸಿಯೆನ್’ ಚಲನಚಿತ್ರದಲ್ಲಿ ಎದುರುಗೊಂಡ. ಪ್ರತಿರೋಧ ದಳ ಸೇರಬಯಸಿ ತಿರಸ್ಕೃತನಾದ ಹಳ್ಳಿಯ ಹುಡುಗನೊಬ್ಬ ಜರ್ಮನ್ ಪೊಲೀಸರ ಸಹಾಯಕನಾಗುವ ಕಥೆಯದು. ಅಲ್ಲಿ ಕ್ಷಮೆಯೂ ಇಲ್ಲ, ಶಾಪವೂ ಇಲ್ಲ, ಹೇಗಾಯಿತೆಂಬ ಶೋಧವಿದೆ. ಕನ್ನಡದಲ್ಲಿ ‘ಸಹಕಾರ’ ಸದ್ಗುಣ, ‘ದ್ರೋಹ’ ಪಾತಕ. ಇವೆರಡರ ನಡುವಿನ ಸ್ಥಿತಿಗೆ ಈ ಸೀಮೆಯ ಆಡುಮಾತು ಉರ್ದುವಿನ ಬಳಿಯಿಂದ ಪಡೆದ ಪದ ‘ಶಾಮೀಲು’. ಯಾರು, ಎಷ್ಟು, ಯಾವ ಒತ್ತಡದಲ್ಲಿ ಎಂಬ ಪ್ರಶ್ನೆಗಳಿಗೆ ಅದು ಎಡೆಗೊಡುತ್ತದೆ.

ಆ ಪ್ರಶ್ನೆಗಳನ್ನು ಕೇಳದಿದ್ದುದರ ಬೆಲೆ ಅಲ್ಪವಲ್ಲ. ಪೊಲೀಸ್ ಕಾರ್ಯಾಚರಣೆಯ ಕಾಲದಲ್ಲಿ ಮತ್ತು ಅನಂತರ 27ರಿಂದ 40 ಸಾವಿರ ಜನ ಸತ್ತರೆಂದು ಪಂಡಿತ ಸುಂದರಲಾಲ್ ಸಮಿತಿ ಅಂದಾಜಿಸಿತು. ಹೆಚ್ಚು ಬಾಧಿತವೆಂದು ಅದು ಹೆಸರಿಸಿದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್‌ಗಳೂ ಇದ್ದವು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ಸೇಡು ಕೃತ್ಯವನ್ನು ನೋಡಲಿಲ್ಲ, ಮತವನ್ನು ನೋಡಿತು; ರಜಾಕಾರನಲ್ಲದ ಬಡ ಮುಸಲ್ಮಾನನೂ ಅದಕ್ಕೆ ಬಲಿಯಾದ. 1949ರಲ್ಲಿ ಜಾಗೀರುಗಳು ರದ್ದಾದವು; ವಂಶಪಾರಂಪರ್ಯ ಗ್ರಾಮಾಧಿಕಾರವಾದರೋ 1961ರ ಶಾಸನ ಜಾರಿಯಾಗುವವರೆಗೆ ಮುಂದುವರಿಯಿತು. ದಫ್ತರದವನು ಉಳಿದ, ದಫ್ತರದಲ್ಲಿ ಹೆಸರೇ ಇಲ್ಲದವನು ದಂಡ ತೆತ್ತ. ವಿಮೋಚನೆಯ ಚರಿತ್ರೆ ಪೂರ್ಣವಾಗಬೇಕಾದರೆ ಈ ಇಬ್ಬರ ಕಥೆಯೂ ಅದರಲ್ಲಿ ಸೇರಬೇಕು.