ರಾಯ್ 1: ದುಡ್ಡು ಜನರದು, ನೇಮಕ ಯಾರದು?

ರಾಯ್ ಅಂದರೆ ಇಟಲಿಯ ಸಾರ್ವಜನಿಕ ಪ್ರಸಾರ ಸಂಸ್ಥೆ. ಅದರ ಮೊದಲ ಚಾನೆಲ್, ಅಂದರೆ ಈಗಿನ ರಾಯ್ 1, ನಿಯಮಿತ ಪ್ರಸಾರ ಶುರು ಮಾಡಿದ್ದು 1954ರ ಜನವರಿ 3ರಂದು. ಆಗ ಹೆಚ್ಚಿನವರ ಮನೆಮಾತು ಪಠ್ಯಪುಸ್ತಕದ ಇಟಾಲಿಯನ್ ಆಗಿರಲಿಲ್ಲ. ಸಿಸಿಲಿಯನ್, ನೆಪೊಲಿಟನ್, ವೆನೆಷಿಯನ್ ಅಂತ ಸೀಮೆಗೊಂದು ನುಡಿ ಇತ್ತು.

ಟಿವಿ ದುಬಾರಿ ಆಗಿದ್ದರಿಂದ ಜನ ಬಾರ್‌ಗಳಲ್ಲಿ, ಪಕ್ಕದ ಮನೆಗಳಲ್ಲಿ ಗುಂಪಾಗಿ ಕೂತು ನೋಡುತ್ತಿದ್ದರು. 1955ರಲ್ಲಿ ಮೈಕ್ ಬೊಂಜೋರ್ನೊ ಶುರು ಮಾಡಿದ ಕ್ವಿಜ್ ಎಷ್ಟು ಹಿಟ್ ಆಯಿತೆಂದರೆ, ಗುರುವಾರ ರಾತ್ರಿ ಸಿನಿಮಾ ಮಂದಿರಗಳೇ ಚಿತ್ರ ನಿಲ್ಲಿಸಿ ಅದನ್ನು ತೋರಿಸಿದವು. 1960ರಿಂದ 1968ರವರೆಗೆ ಆಲ್ಬೆರ್ತೊ ಮಾನ್ಜಿ ಎಂಬ ಮೇಷ್ಟ್ರು ಟಿವಿಯಲ್ಲೇ ವಯಸ್ಕರಿಗೆ ಓದು ಬರಹ ಕಲಿಸಿದರು. ಎಲ್ಲರಿಗೂ ಅರ್ಥವಾಗುವ ಒಂದು ಇಟಾಲಿಯನ್ ಹರಡಿದ್ದರಲ್ಲಿ ಟಿವಿಯ ಪಾಲು ದೊಡ್ಡದು.

ಇಷ್ಟು ಶಕ್ತಿ ಇರುವ ಚಾನೆಲ್ ಯಾರ ಕೈಯಲ್ಲಿರಬೇಕು? ಮೊದಲಿಗೆ ನೇರವಾಗಿ ಸರ್ಕಾರದ ಕೈಯಲ್ಲೇ ಇತ್ತು. 1974ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಇದನ್ನು ಪ್ರಶ್ನಿಸಿತು. 1975ರ ಕಾನೂನು ಹಿಡಿತವನ್ನು ಸಂಸತ್ತಿಗೆ ಕೊಟ್ಟಿತು. ಆಮೇಲೆ ಆಗಿದ್ದೇನು? ಪಕ್ಷಗಳು ಪಾಲು ಮಾಡಿಕೊಂಡವು: ಮೊದಲ ಚಾನೆಲ್ ಕ್ರಿಶ್ಚಿಯನ್ ಡೆಮಾಕ್ರಟರಿಗೆ, ಎರಡನೆಯದು ಸೋಷಿಯಲಿಸ್ಟರಿಗೆ, 1979ರಲ್ಲಿ ಬಂದ ಮೂರನೆಯದು ಕ್ರಮೇಣ ಕಮ್ಯುನಿಸ್ಟರಿಗೆ. ಇಟಾಲಿಯನ್ನರು ಇದಕ್ಕೆ 'ಲೊತ್ತಿಜ್ಜಾತ್ಸಿಯೋನೆ' ಅಂತಾರೆ. ಜಮೀನನ್ನು ಸೈಟುಗಳಾಗಿ ವಿಂಗಡಿಸೋದು ಅಂತ ಅದರ ಅರ್ಥ.

ಖಾಸಗಿ ಚಾನೆಲ್‌ಗಳ ಒಡೆಯ ಬೆರ್ಲುಸ್ಕೋನಿ 1994ರಲ್ಲಿ ಪ್ರಧಾನಿಯಾದಾಗ ಸಮಸ್ಯೆ ಇನ್ನೂ ಬಿಗಡಾಯಿಸಿತು. 2002ರ ಏಪ್ರಿಲ್‌ನಲ್ಲಿ, ಮತ್ತೆ ಪ್ರಧಾನಿಯಾಗಿದ್ದ ಅವರು, ಬಲ್ಗೇರಿಯಾದ ಸೋಫಿಯಾದಲ್ಲಿ ನಿಂತು ಮೂವರು ರಾಯ್ ನಿರೂಪಕರ ಹೆಸರು ಹಿಡಿದು ಟೀಕಿಸಿದರು. ರಾಯ್ 1ರಲ್ಲಿ ರಾತ್ರಿ ಸುದ್ದಿಯ ನಂತರ ಬರುತ್ತಿದ್ದ ಹಿರಿಯ ಪತ್ರಕರ್ತ ಎಂಜೊ ಬಿಯಾಜಿ ಅವರಲ್ಲೊಬ್ಬರು. ಅವರ ಕಾರ್ಯಕ್ರಮ ಮುಂದಿನ ಸೀಸನ್‌ಗೆ ಇರಲೇ ಇಲ್ಲ.

ಬೆರ್ಲುಸ್ಕೋನಿ ಹೋದ ಮೇಲೂ ಇದು ನಿಲ್ಲಲಿಲ್ಲ. ರೆಂಜಿ ಸರ್ಕಾರ 2015ರಲ್ಲಿ ತಂದ ಕಾನೂನಿನ ಪ್ರಕಾರ ಸಿಇಒ ನೇಮಕದಲ್ಲಿ ಸರ್ಕಾರದ ಮಾತೇ ಮೇಲು. 2024ರ ಏಪ್ರಿಲ್‌ನಲ್ಲಿ ಲೇಖಕ ಆಂತೋನಿಯೊ ಸ್ಕುರಾತಿ ಅವರ ಫ್ಯಾಸಿಸಂ ವಿರೋಧಿ ಭಾಷಣ ರಾಯ್ 3ರಲ್ಲಿ ಕೊನೇ ಗಳಿಗೆಯಲ್ಲಿ ರದ್ದಾಯಿತು. ಮೇ 6ರಂದು ರಾಯ್ ಪತ್ರಕರ್ತರು ಮುಷ್ಕರ ಹೂಡಿದರು.

2016ರಿಂದ ಟಿವಿ ಶುಲ್ಕ ಕರೆಂಟ್ ಬಿಲ್ ಜೊತೆಗೇ ಬರುತ್ತೆ, ತಪ್ಪಿಸಿಕೊಳ್ಳೋದು ಕಷ್ಟ. 2025ರ ಆಗಸ್ಟ್‌ನಿಂದ ಬಹುಪಾಲು ಜಾರಿಯಾಗಿರುವ ಯುರೋಪಿನ ಮಾಧ್ಯಮ ಸ್ವಾತಂತ್ರ್ಯ ಕಾಯ್ದೆ ಸಾರ್ವಜನಿಕ ವಾಹಿನಿಗಳ ಮುಖ್ಯಸ್ಥರ ನೇಮಕ ಪಾರದರ್ಶಕವಾಗಿರಬೇಕು, ತಾರತಮ್ಯ ಇರಬಾರದು ಅನ್ನುತ್ತೆ. ಇದನ್ನು ಪಾಲಿಸಬೇಕಾದರೆ ಅಧಿಕಾರದಲ್ಲಿರುವವರು ತಮ್ಮ ಪಾಲಿನ 'ಸೈಟು' ಬಿಟ್ಟುಕೊಡಬೇಕು. ಇಲ್ಲಿಯವರೆಗೆ ಬಲಪಂಥವಾಗಲಿ ಎಡಪಂಥವಾಗಲಿ ಅದನ್ನು ಮಾಡಿಲ್ಲ.