ನಮ್ಮ ಪಾಕಶಾಸ್ತ್ರದಲ್ಲಿ ನೂತನ ಪ್ರಯೋಗ

ದೇವರಾಯನದುರ್ಗದಲ್ಲಿ ನರಸಿಂಹಸ್ವಾಮಿಗೆ ಎರಡು ಸನ್ನಿಧಿಗಳಿರುವುದನ್ನು ನಮ್ಮ ಜಿಲ್ಲೆಯವರೆಲ್ಲರೂ ಬಲ್ಲರು. ಕೆಳಗೆ ಊರಿನಲ್ಲಿ ನೆಲಸಿರುವವನು ಭೋಗನರಸಿಂಹ. ಮೇಲೆ ಬೆಟ್ಟದ ನೆತ್ತಿಯಲ್ಲಿರುವವನು ಯೋಗನರಸಿಂಹ. ಭೋಗವನ್ನು ಪ್ರಾಚೀನರು ತುಚ್ಛವೆಂದು ಎಣಿಸಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ. ಅನ್ನವೂ ಭೋಗಗಳಲ್ಲಿ ಒಂದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ‘ಅನ್ನಭೋಗ’ವೆಂಬ ಪ್ರಕರಣವನ್ನೇ ಸೇರಿಸಿರುವನು.

ಮನೆಯ ಅಡುಗೆಯಲ್ಲಿ ಹೊಸತೊಂದನ್ನು ಮಾಡಹೊರಟಾಗ ಎರಡು ಮಾತುಗಳು ಕೇಳಿಬರುವುದುಂಟು. “ಇದು ನಮ್ಮ ಪದ್ಧತಿಯಲ್ಲ” ಎಂಬುದು ಹಿರಿಯರ ಮಾತು. “ಹಳೆಯದನ್ನು ಉಂಡು ಉಂಡು ಬೇಸರವಾಯಿತು” ಎಂಬುದು ಕಿರಿಯರ ಮಾತು. ಇಬ್ಬರೂ ಪದ್ಧತಿಯೆಂದರೆ ಅಲುಗಾಡದೆ ನಿಂತಿರುವ ಕಲ್ಲೆಂದು ತಿಳಿದಿರುವರು. ಚರಿತ್ರೆಯನ್ನು ನೋಡಿದರೆ ಸಂಗತಿಯು ಹಾಗಿಲ್ಲ. ಇಂದು ನಾವು ಹಳೆಯದೆಂದು ಕರೆಯುವ ಪ್ರತಿಯೊಂದು ಪಾಕವೂ ಒಂದಾನೊಂದು ದಿನ ಯಾರೋ ಒಬ್ಬರು ಧೈರ್ಯಮಾಡಿ ಒಲೆಯ ಮೇಲಿಟ್ಟ ಹೊಸ ಪ್ರಯೋಗವೇ ಆಗಿದ್ದಿತು.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ದುರ್ಗದಿಂದಿಳಿದು ತುಮಕೂರಿನ ಸೆರಗಿನಲ್ಲಿರುವ ಕ್ಯಾತ್ಸಂದ್ರಕ್ಕೆ ಬಂದರೆ, ಅಲ್ಲಿನ ತಟ್ಟೆ ಇಡ್ಲಿಗಾಗಿ ಪ್ರಯಾಣಿಕರು ಕಾದು ನಿಂತಿರುವುದನ್ನು ಕಾಣಬಹುದು. ಈ ಇಡ್ಲಿಯ ವಂಶಾವಳಿಯು ಬಹು ದೀರ್ಘವಾದುದು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯೆಂಬ ಹೆಸರು ದೊರೆಯುತ್ತದೆ. ಕ್ರಿ.ಶ. 1025ರಲ್ಲಿ ‘ಲೋಕೋಪಕಾರ’ವನ್ನು ರಚಿಸಿದ ಎರಡನೆಯ ಚಾವುಂಡರಾಯನು ಅದನ್ನು ಮಾಡುವ ಕ್ರಮವನ್ನೂ ತಿಳಿಸಿರುವನು: ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಟ್ಟು, ನುಣ್ಣಗೆ ಅರೆದು, ಮೊಸರಿನ ತಿಳಿನೀರಿನಲ್ಲಿ ಕಲಸಿ, ಜೀರಿಗೆ, ಕೊತ್ತುಂಬರಿ, ಮೆಣಸು, ಇಂಗುಗಳನ್ನು ಕೂಡಿಸಬೇಕು. ಸೋಮೇಶ್ವರನ ‘ಇಡ್ಡರಿಕೆ’ಯೂ ಉದ್ದಿನದೇ. ಈ ಎರಡು ವಿವರಣೆಗಳಲ್ಲಿಯೂ ಅಕ್ಕಿಯ ಸುಳಿವಿಲ್ಲ. ಉದ್ದಿನೊಡನೆ ಅಕ್ಕಿಯನ್ನು ಬೆರೆಸಿ, ಹುದುಗು ಬರಿಸಿ, ಹಬೆಯಲ್ಲಿ ಬೇಯಿಸುವ ಈಗಿನ ಕ್ರಮವು ಆಮೇಲಿನ ಕೈಗಳ ಸಂಶೋಧನೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವುಂಟಾದಾಗ ರವೆಯಿಂದ ಇಡ್ಲಿ ಮಾಡುವುದನ್ನು ತಾವು ಆರಂಭಿಸಿದೆವೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಸಾವಿರ ವರ್ಷಗಳಲ್ಲಿ ಹೆಸರು ಉಳಿಯಿತು, ಹಿಟ್ಟು ಬದಲಾಯಿತು. ಈಗ ನವಣೆ, ಸಾಮೆಗಳ ಇಡ್ಲಿಯನ್ನು ಕಂಡು ಮೂಗು ಮುರಿಯುವವರು ಈ ವಂಶಾವಳಿಯನ್ನು ಒಮ್ಮೆ ನೆನೆಯಬೇಕು.

ಇನ್ನು ಖಾರದ ವಿಚಾರ. ಮೆಣಸಿನಕಾಯಿಯಿಲ್ಲದ ಸಾರನ್ನು ನಮ್ಮವರು ಊಹಿಸಲಾರರು. ಆದರೆ ಅದು ಅಮೆರಿಕಾ ಖಂಡದ ಗಿಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮದ ಕರಾವಳಿಗೆ ಬಂದುದು. ಅದಕ್ಕೆ ಮೊದಲು ನಮ್ಮ ಅಡುಗೆಗೆ ಖಾರವನ್ನು ಕೊಡುತ್ತಿದ್ದುದರಲ್ಲಿ ಮೆಣಸೇ ಮುಖ್ಯವಾದುದು. ಬಂದ ಅತಿಥಿಗೆ ನಮ್ಮವರು ಮನೆಯ ಹೆಸರನ್ನೇ ಇಟ್ಟು, ಮೆಣಸಿನ ಗುಣವುಳ್ಳ ಕಾಯಿಯೆಂಬ ಅರ್ಥದಲ್ಲಿ ಮೆಣಸಿನಕಾಯಿಯೆಂದರು. ಆ ಪರದೇಶದ ಗಿಡವು ಇಂದು ಬ್ಯಾಡಗಿಯ ಹೆಸರಿನಲ್ಲಿ ಕನ್ನಡನಾಡಿನ ಕೀರ್ತಿಯಾಗಿರುವುದು. ಸೀಮೆಬದನೆಯೂ ಹೀಗೆಯೇ ಹೆಸರಿನಲ್ಲಿ ತನ್ನ ಹುಟ್ಟನ್ನು ಹೊತ್ತುಕೊಂಡಿದೆ. ಅದು ಮೆಕ್ಸಿಕೋ ಕಡೆಯ ಬಳ್ಳಿ. ಆದರೆ ತಮಿಳರು ಅದನ್ನು ಬೆಂಗಳೂರಿನ ಬದನೆಯೆಂದು ಕರೆಯುವರು! ಒಬ್ಬರಿಗೆ ಸೀಮೆಯದಾದುದು ನೆರೆಯವರಿಗೆ ನಮ್ಮದಾಯಿತು.

ಹಾಗಾದರೆ ಹಳೆಯ ಅಡುಗೆಮನೆಯು ಅಳಿದೇಹೋಯಿತೆ? ಇಲ್ಲ. ಅದು ವರ್ಷಕ್ಕೊಮ್ಮೆ ಹಲವರ ಮನೆಗಳಲ್ಲಿ ಮರಳಿ ಬರುತ್ತದೆ. ಪಿತೃಕಾರ್ಯದ ದಿನ ಮೆಣಸಿನಕಾಯಿಯನ್ನು ಬಿಟ್ಟು ಮೆಣಸನ್ನು ಅರೆಯುವರು. ಆಲೂಗೆಡ್ಡೆ, ಟೊಮೇಟೊ, ಎಲೆಕೋಸುಗಳು ಅಂದು ಒಳಗೆ ಬಾರವು. ಬಾಳೆಕಾಯಿ, ಹಾಗಲಕಾಯಿಗಳಿಗೆ ಪ್ರಾಶಸ್ತ್ಯ. ನಮ್ಮ ಅಜ್ಜಿಯರು ಇದನ್ನು ಮಡಿಯೆಂದು ಪಾಲಿಸಿದರು. ಚರಿತ್ರಕಾರನ ಕಣ್ಣಿಗೆ ಇದು ಐನೂರು ವರ್ಷಗಳ ಹಿಂದಿನ ಪಾಕಶಾಲೆಯ ಶಾಸನದಂತೆ ತೋರುವುದು. ಅದೇ ಅಜ್ಜಿಯರು ಮರುದಿನ ನಿಸ್ಸಂಕೋಚವಾಗಿ ಟೊಮೇಟೊ ಸಾರನ್ನು ಕಾಯಿಸಿದರು. ಹಳೆಯದನ್ನು ಕಾಯುವುದಕ್ಕೂ ಹೊಸತನ್ನು ಕರೆಯುವುದಕ್ಕೂ ಅವರಲ್ಲಿ ವಿರೋಧವಿರಲಿಲ್ಲ.

ಹೊಸತೆಂದರೆ ಪರದೇಶದ ಪದಾರ್ಥವೇ ಆಗಬೇಕೆಂಬ ನಿಯಮವೂ ಇಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿದ್ದ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದನು. ಜೈನನಾದ ಈ ಕವಿಯ ಗ್ರಂಥವು ಶಾಕಾಹಾರಕ್ಕೆ ಮೀಸಲಾದುದು. ಅದರಲ್ಲಿ ಬದನೆಯೊಂದಕ್ಕೇ ಹಲವು ಪಾಕಗಳು. ಹಲಸಿಗೂ ಬಾಳೆಗೂ ಬೇರೆ ಬೇರೆಯಾಗಿ ಹಲವು ಪಾಕಗಳು. ಹಿತ್ತಲಿನ ಕಾಯಿಯು ಅದೇ. ಅದನ್ನು ಬೇಯಿಸುವ ಬಗೆ ಮಾತ್ರ ಹೊಸದು. ಅದೇ ಶತಮಾನದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ವಾದ ನಡೆಯಿಸಿ, ಬಡವರ ಧಾನ್ಯಕ್ಕೆ ಶ್ರೀರಾಮನ ಹೆಸರನ್ನೇ ಕೊಡಿಸಿದರು. ಕೈಯಲ್ಲಿರುವುದನ್ನು ಕೀಳೆಂದು ತಳ್ಳದೆ ಮತ್ತೊಮ್ಮೆ ನೋಡುವ ದೃಷ್ಟಿಯು ಎರಡರಲ್ಲಿಯೂ ಒಂದೇ.

ಈ ದೃಷ್ಟಿಯು ಈಗ ನಮ್ಮ ಸೀಮೆಗೆ ಅತ್ಯಗತ್ಯವಾಗಿದೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದುದು. ಅಲ್ಲಿನ ಒಂದು ಹಳೆಯ ಮರದ, ತಾಮ್ರಗೆಂಪು ತೊಳೆಯ ಸುಮಾರು ಎರಡೂವರೆ ಕಿಲೋ ತೂಕದ ಹಣ್ಣನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿ, ‘ಸಿದ್ದು’ ಎಂಬ ತಳಿಯಾಗಿ ಕಸಿಮಾಡಿ ಹರಡಿರುವರು. ಮರಕ್ಕೆ ಮನ್ನಣೆ ದೊರೆಯಿತು, ಅಡುಗೆಗೆ ದೊರೆಯಿತೆ? ನಮ್ಮಲ್ಲಿ ಬಹುಮಂದಿ ತೊಳೆಯನ್ನು ತಿಂದು, ಬೀಜವನ್ನು ಸಾರಿಗೆ ಹಾಕಿ, ಅಲ್ಲಿಗೆ ಮುಗಿಸುವರು. ಮಲೆನಾಡಿನವರೂ ಕರಾವಳಿಯವರೂ ಅದೇ ಹಲಸಿನಿಂದ ಹಪ್ಪಳವನ್ನು ಒತ್ತುವರು, ಕಡುಬನ್ನು ಬೇಯಿಸುವರು, ದೋಸೆಯನ್ನು ಹೊಯ್ಯುವರು. ಅವರ ಹಳೆಯದು ನಮಗೆ ಹೊಸದು. ನಮ್ಮ ಹಿದಕಿದ ಅವರೆಬೇಳೆಯ ಹುಳಿ ಅವರಿಗೆ ಹೊಸದಾದೀತು. ಈ ವಿನಿಮಯವು ನಡೆದರೆ ಹಿತ್ತಲಿನ ಹಣ್ಣು ಕೊಳೆತು ನೆಲದ ಪಾಲಾಗುವುದು ತಪ್ಪುವುದು.

ಕಡೆಯದಾಗಿ ಒಂದು ವಿಜ್ಞಾಪನೆ. ಮೇಲೆ ಹೇಳಿದ ಗ್ರಂಥಗಳೆಲ್ಲವೂ ಅರಸರೂ ಪಂಡಿತರೂ ಬರೆದವು. ಅವರಿಗೆ ರುಚಿಯನ್ನು ಕಲಿಸಿದ ಕೈಗಳ ಹೆಸರು ಎಲ್ಲಿಯೂ ಇಲ್ಲ. ಉದ್ದಿಗೆ ಅಕ್ಕಿಯನ್ನು ಮೊದಲು ಬೆರೆಸಿದವರು ಯಾರೆಂಬುದನ್ನು ಯಾವ ಶಾಸನವೂ ಹೇಳದು. ನಮ್ಮ ಹಳ್ಳಿಗಳ ಮುದುಕಿಯರು ಅಳತೆಯನ್ನು ಅಂಗೈಯಲ್ಲಿ, ಹದವನ್ನು ಮೂಗಿನಲ್ಲಿ ಇಟ್ಟುಕೊಂಡಿರುವರು. ಅವರು ಹೋದ ದಿನ ಆ ಗ್ರಂಥವೂ ಹೋಗುವುದು. ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಹಳೆಯ ಪಾಕವೊಂದನ್ನು ಹಿರಿಯರಿಂದ ಕೇಳಿ, ಅಳತೆಯೊಡನೆ ಬರೆದಿಡಬೇಕು. ಅದರ ಕೆಳಗೆ ತಾವು ಮಾಡಿನೋಡಿದ ಹೊಸತೊಂದನ್ನು, ಕೆಟ್ಟುದನ್ನೂ ಮರೆಮಾಚದೆ, ಬರೆಯಬೇಕು. ಇಂದು ಹೊಸದಾಗಿ ಬರೆದುದು ನಮ್ಮ ಮೊಮ್ಮಕ್ಕಳಿಗೆ ಹಳೆಯ ಪದ್ಧತಿಯಾಗುವುದು. ಅವರೂ ಅದನ್ನು ಬದಲಾಯಿಸಲಿ.