ಬೆಸುಗೆಯ ಕಾವು

ನ್ಯಾಮತಿಗೆ ಸಮೀಪದ ಭದ್ರಾವತಿಯಲ್ಲಿ 1965ರಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದಾಗ, ರೇಡಿಯೋದ ಒಡಲೇ ಬದಲಾಗುತ್ತಿತ್ತೆಂಬುದನ್ನು ವಾಚಕರು ಬಲ್ಲಿರಿ. ವಾಲ್ವುಗಳ ಸ್ಥಾನಕ್ಕೆ, 1947ರಲ್ಲಿ ಅಮೆರಿಕದಲ್ಲಿ ಜನಿಸಿದ ಟ್ರಾನ್ಸಿಸ್ಟರ್ ಬರುತ್ತಿತ್ತು. ವಾಲ್ವನ್ನು ಸಾಕೆಟ್ಟಿಗೆ ಸಿಕ್ಕಿಸಿದರೆ ಸಾಕು. ಅದಕ್ಕೆ ಬೆಸುಗೆಯ ಬಿಸಿ ತಾಗದು. ಟ್ರಾನ್ಸಿಸ್ಟರಿಗಾದರೋ ಸಾಮಾನ್ಯವಾಗಿ ಕಾಲಿಗೇ ಬೆಸುಗೆ ಹಾಕಬೇಕು.

ತವರ 63, ಸೀಸ 37 ಪಾಲು ಸೇರಿದ ಬೆಸುಗೆ 183 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಕಾವು ಸಾಲದಿದ್ದರೆ ಬೆಸುಗೆ ಹಿಡಿಯದು. ಮೀರಿದರೆ ಅಂದಿನ ಜರ್ಮೇನಿಯಂ ಟ್ರಾನ್ಸಿಸ್ಟರೇ ಕೆಡುತ್ತಿತ್ತು. ಎರಡರಲ್ಲೂ ರೇಡಿಯೋ ಮೂಕ.

ಹವ್ಯಾಸಿಗಳ ಉಪಾಯ ಸರಳ. ಸಾಲ್ಡರಿಂಗ್ ಐರನ್ನಿನ ತಂತಿಯ ಹಾದಿಯಲ್ಲಿ ಬಲ್ಬೊಂದನ್ನು ಸೇರಿಸಿದರೆ, ವಿದ್ಯುತ್ತಿನ ಒಂದು ಪಾಲನ್ನು ಅದು ನುಂಗುತ್ತದೆ. ಡಯೋಡನ್ನು ಸೇರಿಸಿದರೆ ಅಲೆಯ ಅರ್ಧ ಮಾತ್ರ ಸಾಗಿ ಕಾವು ಇಳಿಯುತ್ತದೆ. ಇಂದಿನ ಯಂತ್ರಗಳು ತುದಿಯ ಉಷ್ಣವನ್ನು ತಾವೇ ಅಳೆದು ಹೊಂದಿಸುತ್ತವೆ; ಅಂದು ಆ ಹೊಣೆ ರಿಪೇರಿಯವನ ಕೈಯದಾಗಿತ್ತು.